ಮೂರನೇ ಬಟ್ಟಲಿನ ಸಕ್ಕರೆ

ಆ ಶಾಲೆಯ ಟೈಮ್‌ಟೇಬಲ್ಲಿನಲ್ಲಿ ತಯಾರಿ ಪೀರಿಯಡ್ಡಿಗೆ ತಿಳಿ ಹಸಿರು ಬಣ್ಣ. ಯಾವ ಟೀಚರ್ ಯಾವ ಹೊತ್ತಿನಲ್ಲಿ ಕೂತು ಪಾಠಕ್ಕೆ ಸಿದ್ಧ ಮಾಡಿಕೊಳ್ಳಬೇಕು ಎಂಬುದನ್ನು ಸ್ಟಾಫ್‌ರೂಮಿನ ಗೋಡೆಗೆ ದೊಡ್ಡದಾಗಿ ಅಂಟಿಸಿದ್ದರು. ಇಂಟರ್‌ನ್ಯಾಷನಲ್ ಶಾಲೆ ಅಂದಮೇಲೆ ಅಷ್ಟೂ ಇಲ್ಲದಿದ್ದರೆ ಹೇಗೆ? ಶಾಲೆ ನೋಡಲು ಬರುವ ಅಪ್ಪ ಅಮ್ಮಂದಿರಿಗೆ ಮೊದಲು ಈಜುಕೊಳ ತೋರಿಸುತ್ತಿದ್ದರು, ಆಮೇಲೆ ಈ ಹಸಿರು ತೋರಿಸುತ್ತಿದ್ದರು. ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ. ಅದೇ ಗೋಡೆಯ ಪಕ್ಕದಲ್ಲಿ ಒಂದು ಬಿಳಿ ಬೋರ್ಡು ಇತ್ತು. ಇವತ್ತು ಯಾರು ಬಂದಿಲ್ಲ, ಅವರ ಕ್ಲಾಸಿಗೆ ಯಾರು 'ಕವರ್' ಹೋಗಬೇಕು ಎಂಬುದನ್ನು ಕೋಆರ್ಡಿನೇಟರ್ ಬೆಳಗ್ಗೆ ಬಂದು ಅಲ್ಲಿ ಬರೆಯುತ್ತಿದ್ದಳು. ಹಸಿರು ಇದ್ದವರನ್ನೇ ಹುಡುಕಿ ಬರೆಯುತ್ತಿದ್ದಳು. ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎಂಬ ಹಾಗೆ.

ಐದನೇ ಕ್ಲಾಸಿನ ಸೈನ್ಸ್ ಟೀಚರಿಗೆ ಆ ವಾರ ಒಂದೂ ಹಸಿರು ದಕ್ಕಿರಲಿಲ್ಲ. ಆದರೆ ಪಾಠ ಯಾರಿಗಾಗಿಯೂ ಕಾಯುವುದಿಲ್ಲವಲ್ಲ. ಐದನೇ ಕ್ಲಾಸಿಗೆ ಮೂರು ಸೆಕ್ಷನ್. ಅಲ್ಲಿಯ ಪದ್ಧತಿ ಏನೆಂದರೆ ಒಂದು ವಿಷಯಕ್ಕೆ ಒಬ್ಬರೇ ತಯಾರಿ ಮಾಡುವುದು, ಮೂರೂ ಕಡೆ ಅದನ್ನೇ ಪಾಠ ಮಾಡುವುದು. ಒಬ್ಬರು ಅಡುಗೆ ಮಾಡಿಟ್ಟರೆ ಮೂವರು ಬಡಿಸಿದ ಹಾಗೆ. ಬಡಿಸುವವರು ರುಚಿ ನೋಡುವುದಿಲ್ಲ, ನೋಡಲು ಅವರಿಗೂ ಪುರಸೊತ್ತಿಲ್ಲ. ಸೈನ್ಸಿನ ಅಡುಗೆ ಇವಳ ಪಾಲಿನದು.

ಹಾಗಾಗಿ ತಯಾರಿ ಮನೆಗೆ ಬಂತು. ಹಿಂದಿನ ಸಂಜೆ ಅಡುಗೆಮನೆಯ ಮೇಜಿನ ಮೇಲೆ ನಾಲ್ಕು ಬಟ್ಟಲು ಇಟ್ಟುಕೊಂಡು ಕೂತಿದ್ದಳು. ಮೊದಲನೆಯದರಲ್ಲಿ ಸೀಮೆಸುಣ್ಣದ ಪುಡಿ, ಎರಡನೆಯದರಲ್ಲಿ ಅಡುಗೆ ಸೋಡ, ಮೂರನೆಯದರಲ್ಲಿ ಸಕ್ಕರೆ, ನಾಲ್ಕನೆಯದರಲ್ಲಿ ಕಾರ್ನ್‌ಫ್ಲೋರ್. ನೋಡಲು ಎಲ್ಲವೂ ಬಿಳಿ. ಮಕ್ಕಳು ವಿನೆಗರ್ ಹಾಕಿ, ಅಯೋಡಿನ್ ಹಾಕಿ, ನೀರು ಹಾಕಿ ಯಾವುದು ಯಾವುದು ಅಂತ ಪತ್ತೆ ಮಾಡಬೇಕು. ಕೊನೆಯಲ್ಲಿ ಒಂದು ಮಜಾ ಇತ್ತು. ಟೀಚರ್ ಮೂರನೇ ಬಟ್ಟಲಿನಿಂದ ಒಂದು ಚಿಟಿಕೆ ತೆಗೆದು 'ಈಗ ನಾನು ಇದನ್ನು ತಿಂತೀನಿ' ಅನ್ನಬೇಕು. ಮಕ್ಕಳು ಕಿರುಚುತ್ತಾರೆ. ಟೀಚರ್ ತಿಂದು ಕೈಯೆತ್ತಿ 'ಸಿಹಿ!' ಅನ್ನಬೇಕು. ಪರೀಕ್ಷೆ ಮಾಡಿ ತಿಳಿದುಕೊಂಡವರಿಗೆ ಹೆದರಿಕೆ ಇಲ್ಲ ಎಂಬುದು ಪಾಠದ ಸಾರ.

ಮನೆಯಲ್ಲಿ ಇದನ್ನೆಲ್ಲ ಯಾರ ಮುಂದೆ ಮಾಡಿ ನೋಡುವುದು? ಮಗಳ ಮುಂದೆ. ಮಗಳು ಅದೇ ಶಾಲೆಯಲ್ಲಿ ಅದೇ ಐದನೇ ಕ್ಲಾಸು, ಆದರೆ ತಾಯಿ ಇರುವ ಸೆಕ್ಷನ್ನಿನಲ್ಲಿ ಮಗು ಇರಬಾರದು ಎಂಬ ನಿಯಮದಿಂದ ಸಿ ಸೆಕ್ಷನ್. ಸಣ್ಣ ಮೈ, ಸದಾ ಚಿಲಿಪಿಲಿ, ಅದಕ್ಕೇ ಗುಬ್ಬಿ ಅಂತ ಹೆಸರು ಬಿದ್ದಿತ್ತು. ಗುಬ್ಬಿ ಒಂದು ಸಲ ನೋಡಿ, ಎರಡನೇ ಸಲ ತಾನೇ ಟೀಚರ್ ಆಗಿ, ಮೂರನೇ ಬಟ್ಟಲಿನ ಚಿಟಿಕೆ ಬಾಯಿಗೆ ಹಾಕಿ 'ಸಿಹಿ!' ಅಂತ ಕೈಯೆತ್ತಿ ಕುಣಿಯಿತು.

ಪಕ್ಕದಲ್ಲಿ ಬೀನ್ಸ್ ನಾರು ತೆಗೆಯುತ್ತಿದ್ದ ಅತ್ತೆ, "ನಮ್ಮ ಮಗನ ಬದಲು ಆ ಸ್ಕೂಲಿಗೇ ನಿನ್ನ ಮದುವೆ ಮಾಡಿಕೊಟ್ಟಿದ್ರೆ ಚೆನ್ನಾಗಿತ್ತು. ಹೇಗೂ ಸಂಸಾರ ಎಲ್ಲಾ ಅದರ ಜೊತೇನೇ" ಅಂದರು.

"ಅದೂ ಬಿಡುತ್ತಾ ಅತ್ತೆ? ವರದಕ್ಷಿಣೆಗೆ ಭಾನುವಾರನೂ ಕೇಳುತ್ತೆ" ಅಂದಳು ಸೊಸೆ. ಇಬ್ಬರೂ ನಕ್ಕರು.

"ಅಮ್ಮಾ, ನಾಳೆ ನಮ್ಮ ಮಿಸ್‌ಗೆ ಮರೆತುಹೋದ್ರೆ ನಾನು ಮಾಡಿ ತೋರಿಸ್ಲಾ?" ಅಂತ ಗುಬ್ಬಿ ಕೇಳಿತು. ಟೀಚರ್ ಉಳಿದೆರಡು ಸೆಕ್ಷನ್ನಿನವರಿಗೆ ಪಾಠದ ಚೀಟಿ ಬರೆಯುತ್ತಿದ್ದಳು. "ಹೂಂ" ಅಂದಳು. ಮಗಳು ಕೇಳಿದ್ದು ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ.

ಮರುದಿನ ಶಾಲೆಗೆ ತಪಾಸಣೆಯವರು ಬಂದಿದ್ದರು. ಶಾಲೆಗೆ ಹೊರದೇಶದ ಮಾನ್ಯತೆ ಮುಂದುವರಿಸಬೇಕೋ ಬೇಡವೋ ಅಂತ ನೋಡಲು ಬಂದ ಇಬ್ಬರು, ಒಬ್ಬ ಎತ್ತರದ ಗಂಡಸು, ಒಬ್ಬಳು ನರೆಗೂದಲಿನ ಹೆಂಗಸು. ಅವರ ಹಿಂದೆ ಮುಂದೆ ಓಡಾಡಲು ಅರ್ಧ ಸಿಬ್ಬಂದಿ ಬೇಕಾಗಿತ್ತು. ಉಳಿದರ್ಧ ಅವರ ಕ್ಲಾಸುಗಳಿಗೆ ಕವರ್. ಬಿಳಿ ಬೋರ್ಡಿನಲ್ಲಿ ಜಾಗ ಸಾಲದೆ ಕೋಆರ್ಡಿನೇಟರ್ ಅಂಚಿನಲ್ಲೆಲ್ಲ ಬರೆದಿದ್ದಳು. ಆದರೂ ಟೀಚರಿಗೆ ಆ ದಿನ ಅದೃಷ್ಟ. ಮೊದಲನೇ ಪೀರಿಯಡ್ ಹಸಿರು, ಅದು ಹಾಗೇ ಉಳಿದಿತ್ತು.

ಲ್ಯಾಬಿನ ಹಿಂದಿನ ಸಣ್ಣ ಕೋಣೆಯಲ್ಲಿ ಅವಳು ಮೂರು ಟ್ರೇ ಸಾಲಾಗಿಟ್ಟು ತುಂಬತೊಡಗಿದಳು. ಮೇಜಿನ ಇನ್ನೊಂದು ಕೊನೆಯಲ್ಲಿ ದೊಡ್ಡ ಕ್ಲಾಸಿನ ಕೆಮಿಸ್ಟ್ರಿ ಸರ್ ತಮ್ಮ ಪ್ರಯೋಗಕ್ಕೆ ಏನನ್ನೋ ತೂಗುತ್ತಿದ್ದರು. ಚಹಾಕ್ಕೆ ಹಾಲನ್ನೂ ತೂಗಿ ಹಾಕಿಕೊಳ್ಳುತ್ತಾರೆ ಅಂತ ಅವರಿಗೆ ತಕ್ಕಡಿ ಸರ್ ಎಂದೇ ಹೆಸರು. ಎ ಟ್ರೇ ಆಯಿತು, ಬಿ ಟ್ರೇ ಆಯಿತು. ಅಷ್ಟರಲ್ಲಿ ಇಂಟರ್‌ಕಾಮ್ ಹೊಡೆದುಕೊಂಡಿತು. ತಕ್ಕಡಿ ಸರ್‌ಗೆ ಕರೆ, ಏಳನೇ ಕ್ಲಾಸಿಗೆ ಕವರ್. ಅವರು ಗೊಣಗುತ್ತಾ ಹೋದರು. ಅವರ ಹಿಂದೆಯೇ ಮತ್ತೆ ಹೊಡೆದುಕೊಂಡಿತು.

"ಮೇಡಂ, ಒಂದನೇ ಕ್ಲಾಸು. ಮಕ್ಕಳು ಮಾತ್ರ ಇದ್ದಾರೆ, ಯಾರೂ ದೊಡ್ಡೋರಿಲ್ಲ. ಓಡಿ, ಪ್ಲೀಸ್" ಅಂದಳು ಕೋಆರ್ಡಿನೇಟರ್.

"ನಂದಿನ್ನೂ ಮುಗಿದಿಲ್ಲಮ್ಮ..."

"ಓಡಿ ಮೇಡಂ!"

ಸಿ ಟ್ರೇಯಲ್ಲಿ ಮೂರನೇ ಬಟ್ಟಲು ಒಂದೇ ಖಾಲಿ ಇತ್ತು. ಟೀಚರ್ ಪಕ್ಕದ ಡಬ್ಬಿಯಿಂದ ಚಮಚದಲ್ಲಿ ಬಿಳಿ ಹರಳು ಎತ್ತಿ ಸುರಿದಳು, ಟ್ರೇ ಎತ್ತಿಕೊಂಡಳು, ಬ್ಯಾಗು ಹೆಗಲಿಗೆ ಹಾಕಿದಳು, ದಾರಿಯಲ್ಲಿ ಸಿ ಸೆಕ್ಷನ್ನಿನ ಬಾಗಿಲಲ್ಲಿ ಟ್ರೇ ಇಟ್ಟು ಓಡಿದಳು. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಗಾದೆ ಮಾಡಿದವನಿಗೆ ಕೋಆರ್ಡಿನೇಟರ್ ಇರಲಿಲ್ಲ, ಪಾಪ.

ಒಂದನೇ ಕ್ಲಾಸು ಕಟ್ಟಡದ ಆ ತುದಿಯಲ್ಲಿ, ನೆಲ ಅಂತಸ್ತಿನಲ್ಲಿ ಇತ್ತು. ಅದರ ಹಿಂಬಾಗಿಲು ತೆರೆದರೆ ಈಜುಕೊಳ. ಕೊಳದ ಗೇಟಿನ ಚಿಲಕ ಸರಿಯಾಗಿ ಕೂರುತ್ತಿರಲಿಲ್ಲ. ಹೋದ ವರ್ಷ ಒಂದು ಮಗು ಆ ಗೇಟು ದಾಟಿ ನೀರಿನ ಅಂಚಿಗೆ ಹೋಗಿ ಕೂತಿತ್ತು. ಅದಾದ ಮೇಲೆ ಚಿಲಕ ರಿಪೇರಿಯಾಗಲಿಲ್ಲ, ಒಂದು ನಿಯಮ ಬಂತು. ಒಂದನೇ ಕ್ಲಾಸನ್ನು ಅರೆಕ್ಷಣವೂ ದೊಡ್ಡವರಿಲ್ಲದೆ ಬಿಡಕೂಡದು. ಬಿಟ್ಟವರಿಗೆ ಅದೇ ಕೊನೆಯ ದಿನ.

ಮಕ್ಕಳಿಗೆ ಚಿತ್ರ ಬರೆಯಲು ಕೊಟ್ಟು ಕೂತಳು. ಎರಡನೇ ಪೀರಿಯಡ್ಡಿನ ಗಂಟೆ ಹೊಡೆದರೂ ಅವಳನ್ನು ಬಿಡಿಸಲು ಯಾರೂ ಬರಲಿಲ್ಲ. ಒಂದು ಪುಟ್ಟ ಹುಡುಗಿ ಮೂಗು ಸೋರಿಸಿಕೊಂಡು ಬಂದು ನಿಂತಿತು. ಒರೆಸಲು ಬಟ್ಟೆ ಹುಡುಕುತ್ತಾ ಟೀಚರ್ ಬ್ಯಾಗಿಗೆ ಕೈ ಹಾಕಿದಳು. ಕೈಗೆ ಗಟ್ಟಿಯಾದ, ತುಂಬಿದ ಪೊಟ್ಟಣ ಸಿಕ್ಕಿತು.

ಸಕ್ಕರೆ ಪೊಟ್ಟಣ. ಮನೆಯಿಂದ ಎರಡು ತಂದಿದ್ದಳು. ಒಂದು ಎ ಮತ್ತು ಬಿ ಟ್ರೇಗೆ ಮುಗಿದುಹೋಗಿತ್ತು. ಇದು ಎರಡನೆಯದು. ಅಂಟಿಸಿದ್ದು ಹಾಗೇ ಇತ್ತು, ಒಡೆದೇ ಇರಲಿಲ್ಲ.

ಹಾಗಾದರೆ ಸಿ ಟ್ರೇಗೆ ಸುರಿದದ್ದು ಏನು?

ಮನೆಯಲ್ಲಿ ಪೊಟ್ಟಣ ತಂದ ಕೂಡಲೇ ಡಬ್ಬಿಗೆ ಸುರಿದಿಡುವುದು ಅವಳ ರೂಢಿ. ಕೈ ತನ್ನಷ್ಟಕ್ಕೆ ತಾನು ಡಬ್ಬಿ ಹುಡುಕಿತ್ತು, ಡಬ್ಬಿ ಸಿಕ್ಕಿತ್ತು. ಆದರೆ ಲ್ಯಾಬಿನಲ್ಲಿ ಅವಳ ಡಬ್ಬಿ ಎಲ್ಲಿಂದ ಬರಬೇಕು? ಅದು ತಕ್ಕಡಿ ಸರ್ ಬಿಟ್ಟುಹೋದ ಡಬ್ಬಿ. ಮುಚ್ಚಳ ಪಕ್ಕದಲ್ಲಿ ಬೋರಲು ಬಿದ್ದಿತ್ತು, ಹೆಸರು ಇದ್ದದ್ದು ಮುಚ್ಚಳದ ಮೇಲೆ. ಹನ್ನೊಂದನೇ ಕ್ಲಾಸಿಗೆ ಈ ವಾರ ಆಕ್ಸಾಲಿಕ್ ಆಸಿಡ್ ಪ್ರಯೋಗ ಅಂತ ಅವರು ನಿನ್ನೆ ಚಹಾ ಹೊತ್ತಿನಲ್ಲಿ ಹೇಳಿದ್ದು ಈಗ ನೆನಪಿಗೆ ಬಂತು. ಥೇಟ್ ಸಕ್ಕರೆಯ ಹಾಗೇ ಕಾಣುವ ಬಿಳಿ ಹರಳು. ವಿಷ. ಯಾವಾಗಲೂ ಬೀಗದ ಕಪಾಟಿನಲ್ಲಿ ಇರಬೇಕಾದದ್ದು.

ವಿನೆಗರ್ ಹಾಕಿದರೆ ಅದಕ್ಕೆ ನೊರೆ ಬರುವುದಿಲ್ಲ, ಸಕ್ಕರೆಗೂ ಬರುವುದಿಲ್ಲ. ಅಯೋಡಿನ್ ಹಾಕಿದರೆ ನೀಲಿಯಾಗುವುದಿಲ್ಲ, ಸಕ್ಕರೆಯೂ ಆಗುವುದಿಲ್ಲ. ನೀರಿನಲ್ಲಿ ಎರಡೂ ಕರಗುತ್ತವೆ. ಅವಳೇ ಕೂತು ಬರೆದ ಅಷ್ಟೂ ಪರೀಕ್ಷೆಯಲ್ಲಿ ಅದು ಸಕ್ಕರೆ ಅಂತಲೇ ಪಾಸಾಗುತ್ತದೆ. ಆಮೇಲೆ ತಿನ್ನುವ ಮಜಾ. ಸಿ ಸೆಕ್ಷನ್ನಿನ ಮೇಡಂಗೆ ಸಕ್ಕರೆ ಕಾಯಿಲೆ, ಅವರು ಬಾಯಿಗೆ ಹಾಕುವುದು ಅನುಮಾನವೇ. ಆದರೆ ಆ ಕ್ಲಾಸಿನಲ್ಲಿ ಗುಬ್ಬಿ ಇದೆ. ಮೂರನೇ ಬಟ್ಟಲು ಸಕ್ಕರೆ ಅಂತ ಎದೆ ತಟ್ಟಿ ಹೇಳುವ ಗುಬ್ಬಿ. 'ನಾನು ಮಾಡಿ ತೋರಿಸ್ಲಾ' ಅಂದಿದ್ದ ಗುಬ್ಬಿ. ಹೂಂ ಅಂದವಳು ತಾನು.

ಫೋನು ಸ್ಟಾಫ್‌ರೂಮಿನ ಲಾಕರಿನಲ್ಲಿ. ಕ್ಲಾಸಿನ ಹೊತ್ತಿನಲ್ಲಿ ಯಾರ ಹತ್ತಿರವೂ ಫೋನು ಇರಕೂಡದು. ಗೋಡೆಯ ಇಂಟರ್‌ಕಾಮ್ ಎತ್ತಿದಳು. ಅದರಿಂದ ಮಾತಾಡಬಹುದಾದದ್ದು ಆಫೀಸಿನ ಜೊತೆ ಮಾತ್ರ.

"ಸಿ ಸೆಕ್ಷನ್‌ಗೆ ಈಗಲೇ ಯಾರನ್ನಾದ್ರೂ ಕಳಿಸಿ. ಸೈನ್ಸ್ ಟ್ರೇ ಮುಟ್ಟಬೇಡಿ ಅನ್ನಿ. ಮೂರನೇ ಬಟ್ಟಲಲ್ಲಿ ತಪ್ಪಾಗಿದೆ."

"ಮೇಡಂ, ತಪಾಸಣೆಯವರು ಈಗ ಸಿ ಸೆಕ್ಷನ್ನಲ್ಲೇ ಕೂತಿದಾರೆ" ಅಂದಳು ಕೋಆರ್ಡಿನೇಟರ್, ದನಿ ತಗ್ಗಿಸಿ. "ನಿಮ್ಮ ಪಾಠನೇ ನೋಡ್ತಿದಾರೆ. ಈಗ ಹೋಗಿ ತಪ್ಪಾಗಿದೆ ಅಂದ್ರೆ ಹೇಗಿರುತ್ತೆ ಹೇಳಿ? ಮುಗೀಲಿ, ಆಮೇಲೆ ಸರಿ ಮಾಡ್ಕೊಳ್ಳೋಣ."

"ಸರಿ ಮಾಡ್ಕೊಳ್ಳೋ ತಪ್ಪಲ್ಲಮ್ಮಾ ಅದು! ವಿಷ ಅದು, ವಿಷ! ಕೇಳಿಸ್ತಾ?"

ಆ ಕಡೆ ಯಾರೋ ಕರೆದರು. "ಬಂದೆ ಸರ್" ಅಂದಳು ಕೋಆರ್ಡಿನೇಟರ್. "ಮೇಡಂ, ಕ್ಲಾಸು ಬಿಟ್ಟು ಮಾತ್ರ ಬರಬೇಡಿ, ನಿಮ್ಮ ಕಾಲಿಗೆ ಬೀಳ್ತೀನಿ" ಅಂದು ಇಟ್ಟಳು. ಅವಳು ಕೇಳಿಸಿಕೊಂಡಳೋ ಇಲ್ಲವೋ ಗೊತ್ತಾಗಲಿಲ್ಲ. ಮತ್ತೆ ಎತ್ತಿದರೆ ಯಾರೂ ಮಾತಾಡಲಿಲ್ಲ.

ಬಾಗಿಲಿಗೆ ಬಂದು ಕೂಗಿದಳು. ಕಾರಿಡಾರು ಖಾಲಿ. ಕ್ಲಾಸಿನೊಳಗೆ ಒಬ್ಬ ಹುಡುಗ ಆಗಲೇ ಹಿಂಬಾಗಿಲ ಗಾಜಿಗೆ ಮೂಗು ಒತ್ತಿ ನೀರು ನೋಡುತ್ತಿದ್ದ. ಬಿಟ್ಟು ಓಡಿದರೆ ಇಲ್ಲಿ ಯಾರದೋ ಮಗು. ಓಡದಿದ್ದರೆ ಅಲ್ಲಿ ತನ್ನ ಮಗು. ಎರಡಕ್ಕೂ ತಾನೇ ಹೊಣೆ.

"ಮಕ್ಕಳೇ! ರೈಲಾಟ ಆಡೋಣ್ವಾ? ಎಲ್ಲರೂ ಸಾಲಾಗಿ ಬನ್ನಿ. ಮುಂದಿನವರ ಅಂಗಿ ಹಿಡ್ಕೊಳ್ಳಿ. ನಾನೇ ಇಂಜಿನ್ನು."

ದನಿ ಹೇಗೋ ನಗುನಗುತ್ತಲೇ ಬಂತು. ಟೀಚರ್‌ಗಳ ಗಂಟಲು ಹಾಗೆ, ಒಳಗೆ ಬೆಂಕಿ ಬಿದ್ದಿದ್ದರೂ ಹೊರಗೆ ಹಾಡು ಹೇಳುತ್ತದೆ. ಒಂದನೇ ಕ್ಲಾಸಿಗೆ ಒಂದನೇ ಕ್ಲಾಸೇ ಎದ್ದು ಸಾಲಾಯಿತು. ಯಾರು ಯಾರ ಹಿಂದೆ ಅಂತ ಎರಡು ಜಗಳ ಆದವು. ರೈಲು ಹೊರಟಿತು.

ಆರು ವರ್ಷದ ಕಾಲುಗಳು ಎಷ್ಟು ನಿಧಾನ ಎಂಬುದು ಅವಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅವಳು ಜೋರಾಗಿ ನಡೆದರೆ ಸಾಲು ತುಂಡಾಗುತ್ತಿತ್ತು. ನಿಂತು ಕೂಡಿಸಬೇಕು. "ಕೂ... ಬೇಗ ಬೇಗ, ಇದು ಎಕ್ಸ್‌ಪ್ರೆಸ್ಸು" ಅಂದಳು. ಒಬ್ಬನ ಶೂ ಕಳಚಿತು. ಅದನ್ನು ಕೈಯಲ್ಲಿ ಹಿಡಿದುಕೊಂಡು ಅವನನ್ನು ಎತ್ತಿ ಸೊಂಟದ ಮೇಲೆ ಕೂರಿಸಿಕೊಂಡಳು. ಮೂಗು ಸೋರುವ ಹುಡುಗಿ "ಮಿಸ್, ಒಂದಕ್ಕೆ ಬರ್ತಿದೆ" ಅಂದಿತು. "ಮುಂದಿನ ಸ್ಟೇಷನ್ನಲ್ಲಿ ಕಂದಾ, ತಡ್ಕೋ, ನನ್ನ ಬಂಗಾರ ಅಲ್ವಾ" ಅಂದಳು. ಅದು ಪಾಪ, ಕಾಲು ಹೊಸೆದುಕೊಂಡು ನಡೆಯಿತು. ಮೆಟ್ಟಿಲು ಬಂತು. ಒಂದೊಂದು ಮೆಟ್ಟಿಲಿಗೂ ಮಕ್ಕಳು ಎರಡೆರಡು ಕಾಲು ಇಟ್ಟು ಹತ್ತುತ್ತಿದ್ದರು. ಬಾಯಿ ಕೂ ಅನ್ನುತ್ತಿತ್ತು. ಮನಸ್ಸು ಮಾತ್ರ ಒಂದೇ ಜಪ ಮಾಡುತ್ತಿತ್ತು, ವಿನೆಗರ್ ಮುಗಿಯದಿರಲಿ, ಅಯೋಡಿನ್ ಚೆಲ್ಲಿಹೋಗಲಿ, ಯಾವನಾದರೂ ತುಂಟ ಆ ಟ್ರೇಯನ್ನು ನೆಲಕ್ಕೆ ಕೆಡವಲಿ. ತನ್ನ ಪಾಠ ಕೆಡಲಿ ಅಂತ ಯಾವ ಟೀಚರೂ ಅಷ್ಟು ಬೇಡಿಕೊಂಡಿರಲಿಕ್ಕಿಲ್ಲ.

ಸಿ ಸೆಕ್ಷನ್ನಿನ ಬಾಗಿಲು ಮುಚ್ಚಿತ್ತು. ಒಳಗಿನಿಂದ ಮಕ್ಕಳು ಕಿರುಚುವುದು ಕೇಳಿಸಿತು. ಭುಜದಿಂದ ಬಾಗಿಲು ತಳ್ಳಿದಳು.

ಗುಬ್ಬಿ ಕ್ಲಾಸಿನ ಮುಂದೆ ಕುರ್ಚಿಯ ಮೇಲೆ ನಿಂತಿತ್ತು. ಎರಡೂ ಕೈ ಮೇಲಕ್ಕೆ.

"ಸಿಹಿ!" ಅಂತ ಕೂಗಿತು ಗುಬ್ಬಿ.

ಇಡೀ ಕ್ಲಾಸು ಚಪ್ಪಾಳೆ ಹೊಡೆಯಿತು. ಹಿಂದೆ ಕೂತಿದ್ದ ತಪಾಸಣೆಯ ಎತ್ತರದ ಗಂಡಸೂ ಹೊಡೆದ. ಬಾಗಿಲಲ್ಲಿ ನಿಂತ ಇಂಜಿನ್ನಿನ ಹಿಂದೆ ಅಷ್ಟೂ ಬೋಗಿಗಳು, ಯಾಕೆಂದು ಗೊತ್ತಿಲ್ಲದಿದ್ದರೂ, ಚಪ್ಪಾಳೆ ಹೊಡೆದವು.

ಸಿಹಿ. ಮಗಳು ಸಿಹಿ ಅಂದಳು. ಹಾಗಾದರೆ ಅದು ಸಕ್ಕರೆಯೇ. ಮೊದಲ ಪೊಟ್ಟಣದ್ದು ಡಬ್ಬಿಯಲ್ಲಿ ಉಳಿದಿತ್ತೇನೋ, ತಾನೇ ಸುರಿದಿಟ್ಟು ಮರೆತಿದ್ದಳೇನೋ. ಹೋದ ಜೀವ ಬಂದಂತಾಯಿತು. ಬಾಗಿಲ ಚೌಕಟ್ಟಿಗೆ ಒರಗಿ, ಸೊಂಟದ ಹುಡುಗನನ್ನು ಕೆಳಗಿಳಿಸಿ, ಕಣ್ಣು ಮುಚ್ಚಿ ಉಸಿರು ಬಿಟ್ಟಳು.

"ಇದು ನಿಮ್ಮ ತಯಾರಿ ಅಂತ ಹೇಳಿದ್ರು" ಅಂದಳು ನರೆಗೂದಲಿನ ಹೆಂಗಸು, ಎದ್ದು ಬಂದು. "ತುಂಬಾ ಅಚ್ಚುಕಟ್ಟು. ನಿಮಗೆ ತಯಾರಿಗೆ ಒಳ್ಳೇ ಸಮಯ ಕೊಡ್ತಾರೆ ಅಂತ ಕಾಣುತ್ತೆ."

ಟೀಚರ್ ಉತ್ತರ ಕೊಡಲು ಬಾಯಿ ತೆರೆದಳು. ಹೆಂಗಸಿನ ಹೆಗಲ ಮೇಲಿಂದ ಮಗಳು ಕಂಡಳು. ಗುಬ್ಬಿ ಕುರ್ಚಿಯಿಂದ ಇಳಿದಿತ್ತು. ನಗುತ್ತಲೇ ಇತ್ತು. ಆದರೆ ತುಟಿ ಬಿಗಿಯಾಗಿ ಮುಚ್ಚಿಕೊಂಡು ನಗುತ್ತಿತ್ತು, ಕಣ್ಣಲ್ಲಿ ನೀರು ತುಂಬಿತ್ತು. ಒಂದು ಸಲ ಕಷ್ಟಪಟ್ಟು ಗುಟುಕರಿಸಿತು. ಇನ್ನೊಂದು ಸಲ ಗುಟುಕರಿಸಿತು.

ತಾಯಿ ಹೆಂಗಸನ್ನು ಸರಿಸಿಕೊಂಡು ಹೋದಳು. ಮಗಳ ಗಲ್ಲ ಹಿಡಿದು ಕಿವಿಯಲ್ಲಿ ಕೇಳಿದಳು.

"ನಿಜ ಹೇಳು. ಹೇಗಿತ್ತು?"

ಗುಬ್ಬಿ ತಪಾಸಣೆಯವರ ಕಡೆ ನೋಡಿತು. ತುಟಿ ಅಲುಗಿಸದೆ, "ಹುಳಿ ಅಮ್ಮಾ. ಉರೀತಿದೆ" ಅಂದಿತು.

ಆಮೇಲೆ ಏನೇನಾಯಿತೋ ಟೀಚರಿಗೆ ಸಾಲಾಗಿ ನೆನಪಿಲ್ಲ. "ಯಾರೂ ಮುಟ್ಟಬೇಡಿ" ಅಂತ ತಾನು ಕೂಗಿದ್ದು, ಮಗಳನ್ನು ನಲ್ಲಿಗೆ ಎಳೆದೊಯ್ದು ಬಾಯಿ ತೊಳೆಸಿ ತೊಳೆಸಿ ಉಗಿಸಿದ್ದು, ಸಿ ಸೆಕ್ಷನ್ನಿನ ಮೇಡಂ "ನಂಗೆ ಗೊತ್ತಿರ್ಲಿಲ್ಲ, ನನ್ನ ಪೀರಿಯಡ್ಡೂ ತಗೊಂಡ್ರು, ಟ್ರೇ ನಾನು ಬಿಚ್ಚಿ ನೋಡೇ ಇರ್ಲಿಲ್ಲ, ಅವಳೇ ಬರುತ್ತೆ ಅಂದ್ಲು" ಅಂತ ಅಳುತ್ತಿದ್ದದ್ದು. ತಕ್ಕಡಿ ಸರ್ ಅಷ್ಟು ದೂರದ ಏಳನೇ ಕ್ಲಾಸಿನಿಂದ ಗಲಾಟೆ ಕೇಳಿ ಬಂದರು. ಅವಳ ಮುಖ ನೋಡಿದರು, ಟ್ರೇ ನೋಡಿದರು, ಬೆಳ್ಳಗಾದರು. "ಹಾಲು! ಹಾಲು ಕುಡಿಸಿ, ಬೇಗ!" ಅಂತ ಕ್ಯಾಂಟೀನಿನ ಕಡೆ ಓಡಿದರು. ಆ ವಯಸ್ಸಿನಲ್ಲಿ ಅವರು ಓಡುವುದನ್ನು ಯಾರೂ ನೋಡಿರಲಿಲ್ಲ. ಮೂಗು ಸೋರುವ ಹುಡುಗಿ ಅಲ್ಲೇ ಒದ್ದೆ ಮಾಡಿಕೊಂಡಿತ್ತು, ನರೆಗೂದಲಿನ ಹೆಂಗಸು ತನ್ನ ಶಾಲು ತೆಗೆದು ಅದಕ್ಕೆ ಸುತ್ತುತ್ತಿದ್ದಳು. ಪ್ರಿನ್ಸಿಪಾಲರು ಬಾಗಿಲಲ್ಲಿ ನಿಂತು, "ಒಂದನೇ ಕ್ಲಾಸು ಇಲ್ಲಿ ಯಾಕಿದೆ?" ಅಂತ ಎಲ್ಲರನ್ನೂ ಕೇಳುತ್ತಿದ್ದರು.

ಆಸ್ಪತ್ರೆಯಲ್ಲಿ ಡಾಕ್ಟರು ಗುಬ್ಬಿಯ ಬಾಯಿಗೆ ಟಾರ್ಚ್ ಬಿಟ್ಟು ಬಹಳ ಹೊತ್ತು ನೋಡಿದರು. ನಾಲಿಗೆಯ ಮೇಲೆ ಬಿಳಿ ಕಲೆ ಎದ್ದಿತ್ತು, ಗಂಟಲು ಕೆಂಪಾಗಿತ್ತು. ರಕ್ತ ತೆಗೆದರು. ತಿಂದದ್ದು ಒಂದು ಚಿಟಿಕೆ, ಹಾಲು ಬೇಗ ಹೋಗಿದೆ, ಹೆದರುವಂಥದ್ದು ಏನೂ ಆಗಲಿಕ್ಕಿಲ್ಲ, ಆದರೂ ಮೂತ್ರಪಿಂಡ ಒಂದು ನೋಡಿಕೊಳ್ಳಬೇಕು, ನಾಳೆಯವರೆಗೆ ಇಲ್ಲೇ ಇರಲಿ ಅಂದರು. 'ಆಗಲಿಕ್ಕಿಲ್ಲ' ಎಂಬ ಮಾತನ್ನು ಟೀಚರ್ ಗಟ್ಟಿಯಾಗಿ ಹಿಡಿದುಕೊಂಡಳು. ಹಿಡಿದಷ್ಟೂ ಅದು ಜಾರುತ್ತಿತ್ತು. ಆಗುವುದಿಲ್ಲ ಅಂತ ಯಾಕೆ ಹೇಳಲಿಲ್ಲ? ಸುದ್ದಿ ಕೇಳಿ ಬಂದ ಗಂಡ ಮಂಚದ ಆ ಬದಿಗೆ ಕೂತು, ಮಗಳ ಪಾದ ಹಿಡಿದುಕೊಂಡು, ಹೆಂಡತಿಯನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ವಾಸಿಯಿತ್ತು.

"ಅಲ್ಲ ಪುಟ್ಟಾ" ಅಂದರು ಡಾಕ್ಟರು, ಟಾರ್ಚ್ ಆರಿಸುತ್ತಾ. "ಹುಳಿ ಅನ್ನಿಸಿದ ತಕ್ಷಣ ಥೂ ಅಂತ ಉಗೀಬೇಕು ತಾನೇ? ನೀನು ಜಾಣೆ. ಯಾಕೆ ನುಂಗಿದೆ?"

ಗುಬ್ಬಿ ಅಮ್ಮನ ಮುಖ ನೋಡಿತು. ಹೇಳಬಹುದೋ ಬಾರದೋ ಅಂತ ಕೇಳುವ ನೋಟ.

"ಹೇಳು" ಅಂದಳು ತಾಯಿ.

"ಅವರೆಲ್ಲಾ ನೋಡ್ತಿದ್ರು" ಅಂದಿತು ಗುಬ್ಬಿ, ಉರಿಯುವ ನಾಲಿಗೆಯಲ್ಲಿ ಒಂದೊಂದೇ ಮಾತು ಹೊರಡಿಸುತ್ತಾ. "ಉಗಿದ್ರೆ ಅಮ್ಮ ತಪ್ಪು ಮಾಡಿದಾಳೆ ಅಂತ ಗೊತ್ತಾಗ್ತಿತ್ತು. ಅಮ್ಮಂಗೆ ಬೈತಿದ್ರು. ಅದಕ್ಕೆ ಸಿಹಿ ಅಂದೆ."

ಡಾಕ್ಟರು ಹಾಳೆಯ ಮೇಲೆ ಬರೆಯಲು ಬಗ್ಗಿದರು. ಟೀಚರ್ ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದಳು. ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು, ಯಾರ ಮೇಲೆಂದು ತಿಳಿಯದ ಸಿಟ್ಟು.

"ಇನ್ನು ಮೇಲೆ ಉಗಿ" ಅಂದಳು. "ಕೆಟ್ಟದ್ದು ಬಾಯಿಗೆ ಬಂದ್ರೆ ಉಗಿ. ಯಾರು ನೋಡ್ತಿದ್ರೂ ಉಗಿ. ನಾನೇ ಕೊಟ್ಟಿದ್ರೆ ನನ್ನ ಮುಖದ ಮೇಲೇ ಉಗಿ. ಗೊತ್ತಾಯ್ತಾ?"

ಗುಬ್ಬಿ ತಲೆಯಾಡಿಸಿತು. ಅಮ್ಮನ ಸೆರಗಿನ ತುದಿ ಎಳೆದು, ಡಾಕ್ಟರಿಗೆ ಕೇಳಿಸದ ಹಾಗೆ ಮೆಲ್ಲಗೆ ಕೇಳಿತು.

"ಅಮ್ಮಾ, ಅವರಿಗೆ ಗೊತ್ತಾಗ್ಲಿಲ್ಲ ತಾನೇ?"

ಬೆಳಗಿನಿಂದ ಅನುಭವಿಸಿದ ಹೆದರಿಕೆಗಳಲ್ಲೆಲ್ಲ ದೊಡ್ಡದು ಟೀಚರಿಗೆ ಆಗ ಆಯಿತು.